ಓಡಿಸುತ್ತಿದ್ದವರು ಯಾರು

ಬೆಳಿಗ್ಗೆ ಏಳೂಕಾಲಿಗೆ ಡ್ರೈವಿಂಗ್ ಸ್ಕೂಲಿನ ಕಾರು ರಿವರ್ಸ್ ಬರುತ್ತ ಸ್ಕೂಲಿನದೇ ಗೇಟಿನ ಕಂಬಕ್ಕೆ ಗುದ್ದಿತು. ಓಡಿಸುತ್ತಿದ್ದವರು ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರು. ನೋಡಿದವರು ಒಬ್ಬರೇ, ಪಾಠಕ್ಕೆ ಬಂದಿದ್ದ ವಿಶಾಲಾಕ್ಷಿ.

"ಇನ್ಶೂರೆನ್ಸ್ ಇದೆಯಲ್ಲ ಮೇಷ್ಟ್ರೇ, ಕ್ಲೇಮ್ ಮಾಡಿ."

"ಮಾಡಬಹುದಮ್ಮ. ಆದ್ರೆ ಡ್ಯಾಮೇಜ್ ನೋಡೋಕೆ ಕಂಪನಿ ಸರ್ವೇಯರ್ ಬಂದು ಯಾರು ಓಡಿಸ್ತಿದ್ರಿ ಅಂತ ಕೇಳ್ತಾನೆ. ಅವನೂ ನನ್ನ ಹತ್ರಾನೇ ಕಲಿತೋನು."

ವಿಶಾಲಾಕ್ಷಿ ನಕ್ಕರು. ಮೇಷ್ಟ್ರು ನಗಲಿಲ್ಲ.

"ಹಾಗಾದ್ರೆ ಕ್ಲೇಮ್ ಬಿಟ್ಬಿಡಿ. ಕೈಯಿಂದ ಹಾಕಿ ರಿಪೇರಿ ಮಾಡಿಸಿ."

ಮೇಷ್ಟ್ರು ಕಾರಿನ ನೆಗ್ಗಿದ ಡಿಕ್ಕಿಯ ಮೇಲೆ ಕೈಯಾಡಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನೀವು ಓಡಿಸ್ತಿದ್ರಿ ಅಂತ ಹೇಳ್ಲಾ? ಕಲಿಯೋರು ಗುದ್ದಿದ್ರೆ ಯಾರೂ ಏನೂ ಅಂದ್ಕೊಳಲ್ಲ."

"ಅಷ್ಟೇನಾ? ಹೇಳಿ. ನಂದೇನು ಹೋಗುತ್ತೆ?"

ಮಧ್ಯಾಹ್ನ ಬಂದ ಸರ್ವೇಯರ್ ಕಾರಿನ ಫೋಟೊ ತೆಗೆದುಕೊಂಡ. "ಹೆಂಗಸರು ರಿವರ್ಸ್ ತೆಗೆದ್ರೆ ಇದೇ ಕತೆ ಸಾರ್" ಎಂದು ನಕ್ಕ. ಮೇಷ್ಟ್ರೂ ನಕ್ಕರು. ಕ್ಲೇಮಿಗೆ ಏನೂ ತೊಂದರೆಯಾಗಲಿಲ್ಲ.

ಎರಡು ದಿನದ ಮೇಲೆ ವಿಶಾಲಾಕ್ಷಿಯ ಗಂಡ ಆಕೆಯನ್ನು ಸ್ಕೂಲಿಗೆ ಕರೆದುಕೊಂಡು ಬಂದರು. ಹಿಂದಿನ ದಿನ ಅವರ ಅಂಗಡಿಗೆ ಬಂದಿದ್ದ ಸರ್ವೇಯರ್, ಅಲ್ಲಿ ಕುಳಿತಿದ್ದ ನಾಲ್ಕು ಜನರೆದುರು ಅವರ ಹೆಂಡತಿ ಕಾರು ಗುದ್ದಿದ ಕತೆ ಹೇಳಿ ನಕ್ಕಿದ್ದ.

"'ಗುದ್ದಿದ್ದು ನಾನಲ್ಲ, ಮೇಷ್ಟ್ರು' ಅಂತಾಳೆ ಇವಳು. ಹೌದಾದ್ರೆ ಇವತ್ತೇ ನನ್ನ ಕಾರಿನ ಕೀ ಇವಳಿಗೆ ಕೊಡ್ತೀನಿ. ಸುಳ್ಳಾದ್ರೆ ಈ ಕಲಿಯೋದೆಲ್ಲ ಇಲ್ಲಿಗೆ ಸಾಕು. ನೀವೇ ಹೇಳಿ ಮೇಷ್ಟ್ರೇ."

ವಿಶಾಲಾಕ್ಷಿ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

"ಹೆದರಿಕೊಂಡಾಗ ಹಾಗೆಲ್ಲ ಹೇಳ್ತಾರೆ, ಬೈಬೇಡಿ" ಎಂದರು ಮೇಷ್ಟ್ರು.