ಬಾಗಿಲಿನ ರಬ್ಬರು

"ಯಾರೋ ತೊಳ್ದವ್ರೆ ಸಾ," ಎಂದ ರಂಗನಾಯಕ, ಕಾರಿನ ಬಾಗಿಲಿಗೆ ಮೂಗು ತಾಗಿಸಿ. "ಸೀಗೇಕಾಯಿ ವಾಸ್ನೆ ಒಡೀತದೆ."

ಸದಾಶಿವಪ್ಪ ತಾನೂ ಬಗ್ಗಿ ಮೂಸಿದ. ಅಗರದಿಂದ ಗಡಿ ದಾಟಿ, ಆಗಿನ್ನೂ ಮದ್ರಾಸ್ ಸೀಮೆಗೆ ಸೇರಿದ್ದ ಕೊಳ್ಳೇಗಾಲಕ್ಕೆ, ಈ ಮೆಕ್ಯಾನಿಕ್ಕಿನ ಶೆಡ್ಡಿಗೆ, ಇದೇ ರಿಪೇರಿಗೆ ಅವನು ಬರುತ್ತಿರುವುದು ಮೂರನೇ ಸಲ. ಬಾಗಿಲು ತೆಗೆದರೆ ಕಿರ್ರ್, ಹಾಕಿದರೆ ಕಿರ್ರ್. ಪ್ರತಿ ಸಲವೂ ರಂಗನಾಯಕ ರಬ್ಬರ್ ಪಟ್ಟಿಯನ್ನು ಒರೆಸಿ, ಟಯರಿನ ಟ್ಯೂಬಿಗೆ ಹಾಕುವ ಬಿಳಿ ಪುಡಿಯನ್ನು ತಿಕ್ಕಿ ಕಳಿಸುತ್ತಿದ್ದ. ಮನೆ ಮುಟ್ಟುವವರೆಗೆ ಬಾಗಿಲು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಅದೇ ರಾಗ.

"ಬೇಕೂ ಅಂತ ತೊಳ್ದವ್ರಾ?"

"ನಂಗೇನ್ ಗೊತ್ತು ಸಾ? ನಿಮ್ಮನೇಲಿ ಸೀಗೇಕಾಯಿ ಯಾರ್ ಕೈಗೆ ಸಿಗ್ತದೋ ಅವ್ರನ್ನ ಕೇಳಿ."

ಸದಾಶಿವಪ್ಪ ತನ್ನ ದಪ್ಪ ಮೀಸೆಯನ್ನು ತಿರುವಿದ. ಮನೆಯಲ್ಲಿದ್ದ ಹೆಂಗಸರು ಇಬ್ಬರೇ. ಅವ್ವ ದೊಡ್ಡಬಸಮ್ಮ ಗಾಡಿಯನ್ನು ದೇವರೆಂದೇ ನಂಬಿದವಳು; ಅದು ಹೊರಗೆ ಹೋಗಿ ಬಂದರೆ ಮರುದಿನ ಬೆಳಿಗ್ಗೆ ತೊಳೆದು ವಿಭೂತಿ ಇಡದೆ ಬಿಡುತ್ತಿರಲಿಲ್ಲ. ಅವಳ ಮೇಲೆ ಅನುಮಾನಪಟ್ಟರೆ ನಾಲಿಗೆಗೆ ಹುಳ ಬಿದ್ದೀತು. ಉಳಿದವಳು ಹೆಂಡತಿ, ಚನ್ನಾಜಮ್ಮ.

ಹದಿನೈದು ದಿನದ ಹಿಂದೆ ಆಳು ಚಿಕ್ಕಮಾದಯ್ಯ ಗದ್ದೆಯ ಬದುವಿನ ಮೇಲೆ ತಲೆ ಕೆರೆದುಕೊಳ್ಳುತ್ತ ಒಂದು ಮಾತು ಆಡಿದ್ದ.

"ಬುದ್ದೀ, ತಪ್ಪು ತಿಳ್ಕಬ್ಯಾಡಿ. ತಾವು ಎಳಂದೂರಿಗೆ ಓದಾಗ ನಡುಮನೇಲಿ ಗಂಡಸ್ನ ದನಿ ಕೇಳ್ತದೆ. ದಪ್ಪ ದನಿ. ಗದರ್ಕಂಡು ಮಾತಾಡ್ತದೆ."

ಅಂದಿನಿಂದ ಸದಾಶಿವಪ್ಪನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಪೆಟ್ರೋಲ್ ಉಳಿಸಲು ಊರ ಮುಂದಿನ ಇಳಿಜಾರಿನಲ್ಲಿ ಇಂಜಿನ್ ಆರಿಸಿ, ಗಾಡಿಯನ್ನು ಸುಮ್ಮನೆ ಮನೆಯವರೆಗೆ ಉರುಳಿಸಿಕೊಂಡು ಬರುವ ಜಿಪುಣ ಅವನು. ಅವನು ಬಂದದ್ದು ಒಳಗಿನವರಿಗೆ ತಿಳಿಯುತ್ತಿದ್ದುದೇ ಆ ಹಾಳು ಬಾಗಿಲಿನಿಂದ. ಅದು ಕಿರ್ರ್ ಎಂದ ಕೂಡಲೇ ಒಳಗೆ ಪಟಪಟ ಹೆಜ್ಜೆ ಸದ್ದು. ಅವನು ಹೊಸಿಲು ಮುಟ್ಟುವಷ್ಟರಲ್ಲಿ ಎಲ್ಲವೂ ತಣ್ಣಗೆ. ಚನ್ನಾಜಮ್ಮ ಕಾಲಿಗೆ ನೀರಿನ ಚೆಂಬು ಹಿಡಿದು ನಿಂತಿರುತ್ತಿದ್ದಳು, ಏದುಸಿರು ಬಿಡುತ್ತ.

"ಯಾರ್ ಬಂದಿದ್ರು? ನಿಜ ಏಳು!" ಇದು ಅವನ ದಿನದ ಪ್ರಶ್ನೆ.

"ಯಾರೂ ಇಲ್ಲ ಕಣ್ರಿ." ಇದು ಅವಳ ದಿನದ ಉತ್ತರ.

ಯಾರೂ ಇಲ್ಲವಂತೆ! ಹಾಗಾದರೆ ಗೂಟದಲ್ಲಿದ್ದ ಅವನ ಜರಿಪೇಟದ ಮಡಿಕೆಯೊಳಗೆ ಕನಕಾಂಬರದ ಎಸಳು ಬಂದದ್ದು ಹೇಗೆ? ಅವಳು ಬಾಯಿ ಒರೆಸಿಕೊಂಡ ಸೆರಗಿನಲ್ಲಿ ಕಪ್ಪು ಯಾತರದು? ಕೇಳಿದರೆ "ಒಲೆ ಮಸಿ ಕಣ್ರಿ" ಎಂದಿದ್ದಳು, ಕಣ್ಣು ತಪ್ಪಿಸಿ.

"ಚೆನ್ನಾಗಿ ತಿಕ್ಕು," ಎಂದ ಸದಾಶಿವಪ್ಪ. "ಸೂಜಿ ಬಿದ್ದಷ್ಟೂ ಸದ್ದಾಗಬಾರ್ದು."

"ಎಣ್ಣೆ ಮಾತ್ರ ಮುಟ್ಟಿಸ್ಬ್ಯಾಡಿ ಸಾ, ರಬ್ಬರ್ ಊದ್ಕತದೆ," ಎನ್ನುತ್ತ ರಂಗನಾಯಕ ಪುಡಿ ತಿಕ್ಕಿದ.

ಹಿಂದಿನೆರಡು ಸಲ ಸೀರೆ ಕೊಳ್ಳುವ ನೆಪದಲ್ಲಿ ಅವ್ವ, ಹೆಂಡತಿ ಇಬ್ಬರೂ ಗಾಡಿಯಲ್ಲಿ ಬಂದಿದ್ದರು. ಇವತ್ತು ಅವನೊಬ್ಬನೇ. ಹನೂರಿಗೆ ಹೋಗುತ್ತೇನೆ, ಬರುವುದು ನಾಳೆ ಎಂದು ಹೇಳಿ ಹೊರಟಿದ್ದ. ಈಗ ಗಾಡಿಯನ್ನು ಹನೂರಿನ ದಾರಿಗೆ ಬಿಡದೆ ಅಗರಕ್ಕೇ ತಿರುಗಿಸಿದ. ಸಿಕ್ಕಿಬಿದ್ದರೆ ಇವತ್ತೇ ಅವಳನ್ನು ಹೊನ್ನೂರಿನ ತವರಿಗೆ ಅಟ್ಟುವುದು, ಮತ್ತೆ ಹೊಸಿಲು ತುಳಿಯಗೊಡದಿರುವುದು. ಹಾಗೆಂದು ಗಟ್ಟಿಮಾಡಿಕೊಂಡ. ಅವಳಿಲ್ಲದ ಮನೆಯನ್ನು ನೆನೆದಾಗ ಕಾಲು ಬ್ರೇಕಿನ ಮೇಲೆ ಹೋಯಿತು. ಆದರೂ ಗಾಡಿ ನಿಲ್ಲಿಸಲಿಲ್ಲ.

ಇಳಿಜಾರಿನಲ್ಲಿ ಇಂಜಿನ್ ಆರಿಸಿದ. ಗಾಡಿ ಉರುಳಿಕೊಂಡು ಮನೆಯ ಪಕ್ಕಕ್ಕೆ ಬಂದು ನಿಂತಿತು. ಬಾಗಿಲು ತೆರೆದ. ಸದ್ದಿಲ್ಲ. ಸೀಟಿನ ಕೆಳಗಿದ್ದ ದೊಣ್ಣೆ ಎತ್ತಿಕೊಂಡು ಬರಿಗಾಲಲ್ಲಿ ನಡುಮನೆಯ ಕಿಟಕಿಗೆ ಬಂದ.

ಇದ್ದ! ಸದಾಶಿವಪ್ಪನ ಕುರ್ಚಿಯಲ್ಲೇ, ಕಿಟಕಿಗೆ ಬೆನ್ನು ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ತಲೆಗೆ ಅವನದೇ ಜರಿಪೇಟ, ಮೈಗೆ ಅವನದೇ ಕರಿಕೋಟು. ಸುತ್ತ ನೆಲದ ಮೇಲೆ ಪಕ್ಕದ ಮನೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದರು. ಅಪ್ಪ ಸತ್ತ ಮೇಲೆ ಹಲ್ಲು ಬಿಡದ ಅವ್ವ ಕೂಡ ಕಣ್ಣೀರು ಒರೆಸಿಕೊಂಡು ನಗುತ್ತಿದ್ದಳು.

ಸದಾಶಿವಪ್ಪ ದೊಣ್ಣೆ ಎತ್ತಿ ಹಿಂಬಾಗಿಲ ಕಡೆ ಹೊರಟ. ಅಷ್ಟರಲ್ಲಿ ಪೇಟದ ಆಸಾಮಿ ಬೆತ್ತವನ್ನು ನೆಲಕ್ಕೆ ಕುಟ್ಟಿ ಗುಡುಗಿದ:

"ಯಾರ್ ಬಂದಿದ್ರು? ನಿಜ ಏಳು! ರಬ್ಬರ್ ಯಾಕ್ ಕಿರ್ ಅಂತದೆ?"

"ಅಯ್ಯೋ ನಿಲ್ಸು, ಒಟ್ಟೆ ನೋಯ್ತದೆ!" ಎಂದಳು ಅವ್ವ. "ಗಾಡಿ ತೊಳ್ದೂ ತೊಳ್ದೂ ನನ್ ಸೀಗೇಕಾಯಿ ಮುಗೀತು."

ಎತ್ತಿದ ದೊಣ್ಣೆ ಇಳಿಯಿತು. ಆ ದಪ್ಪ ದನಿ ಯಾರದ್ದೆಂದು ಸದಾಶಿವಪ್ಪನಿಗೆ ಗೊತ್ತಾಗಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಾನಿರುವಾಗ ಈ ಮನೆಯಲ್ಲಿ ಯಾರೂ ಹೀಗೆ ನಕ್ಕಿದ್ದೇ ಇಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಬಂದ ಹಾಗೆಯೇ ಗಾಡಿಗೆ ಮರಳಿದ. ದನದ ತೊಟ್ಟಿಯಲ್ಲಿ ಟವಲು ಅದ್ದಿ ರಬ್ಬರಿನ ಪುಡಿಯನ್ನೆಲ್ಲ ಒರೆಸಿದ. ಬಾಗಿಲು ತೆಗೆದು ಹಾಕಿದ. ಇನ್ನೊಮ್ಮೆ ಒರೆಸಿ, ಮತ್ತೆ ತೆಗೆದ.

ಕಿರ್ರ್!

ಒಳಗೆ ನಗು ಗಕ್ಕನೆ ನಿಂತಿತು. ಪಟಪಟ ಹೆಜ್ಜೆಗಳು ಓಡಿದವು. ಅವನು ಬೇಕೆಂದೇ ನಿಧಾನವಾಗಿ ನಡೆದು ಹೊಸಿಲಿಗೆ ಬಂದ. ಚನ್ನಾಜಮ್ಮ ಚೆಂಬು ಹಿಡಿದು ನಿಂತಿದ್ದಳು, ಏದುಸಿರು ಬಿಡುತ್ತ. ಅವನು ಕಾಲು ತೊಳೆದುಕೊಂಡ. ಅವಳು ದಿನದ ಪ್ರಶ್ನೆಗೆ ಕಾದಳು. ಅವನು ಅವಳ ಮುಖವನ್ನೇ ನೋಡಿದ.

"ಬಲಗಡೆ ಮೀಸೆ ಇನ್ನೂ ಒಸಿ ಉಳ್ಕಂಡದೆ," ಎಂದ. "ಒರೆಸ್ಕೊ."