ಅಣ್ಣ ತಂದ ಕ್ಯಾರಿಯರು

ಕುಡಿತ ಬಿಟ್ಟವರು ಮತ್ತೆ ಜಾರದಂತೆ ಕಾಯುವ ಆ ಮನೆಯಲ್ಲಿ, ಭಾನುವಾರ ಬರುವ ನೆಂಟರ ಚೀಲಗಳನ್ನು ವಾರ್ಡನ್ನು ಗೇಟಿನಲ್ಲೇ ಜಾಲಾಡುತ್ತಿದ್ದ. ಹಾಗೆ ಜಾಲಾಡಲೇಬೇಕೆಂದು ಹಟ ಹಿಡಿದವನು ಅಲ್ಲಿದ್ದ ರುದ್ರೇಶನ ಅಣ್ಣ.

"ನಮ್ಮಪ್ಪನೇ ಎದ್ದು ಬಂದ್ರೂ ಬಿಡಬೇಡಿ ಸಾರ್. ನನ್ ತಮ್ಮನ ಬಾಯಿಗೆ ಒಂದು ತೊಟ್ಟೂ ಬೀಳಬಾರ್ದು" ಎಂದು ಕಣ್ಣೊರೆಸಿಕೊಂಡಿದ್ದ. ಇಂಥ ಅಣ್ಣ ಯಾರಿಗುಂಟು ಎಂದು ಅಲ್ಲಿದ್ದವರೆಲ್ಲ ಕೊಂಡಾಡಿದ್ದರು.

ಒಂದು ಭಾನುವಾರ ರುದ್ರೇಶ ಖುಷಿಯಿಂದ ಕೈ ಚಾಚಿ ತೋರಿಸಿದ. "ನೋಡಣ್ಣ, ನಡುಗಲ್ಲ. ಆಗೆಲ್ಲ ಕುಡಿದ ಅಮಲಲ್ಲಿ ನೀನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿಬಿಡ್ತಿದ್ದೆ. ಇನ್ಮೇಲೆ ಜಮೀನಿನ ಪತ್ರ ಎಲ್ಲಾ ನಾನೇ ಓದಿ ಸೈನ್ ಹಾಕ್ತೀನಿ."

"ಓದಪ್ಪ, ಬೇಡ ಅಂದೋರ್ಯಾರು?" ಎಂದ ಅಣ್ಣ ಅವತ್ತು ಯಾಕೋ ಬೇಗನೆ ಎದ್ದು ಹೊರಟ.

ಮುಂದಿನ ಭಾನುವಾರ ಅಣ್ಣ ಊಟದ ಕ್ಯಾರಿಯರು ಹಿಡಿದು ಬಂದ. ವಾರ್ಡನ್ನು ಕೈ ಮುಗಿದ. "ನಿಮ್ಮದನ್ನೂ ತಡಕಾಡಿದ್ರೆ ದೇವರು ಮೆಚ್ಚಲ್ಲ, ಹೋಗಿ ಸಾರ್."

"ನಿಮ್ಮತ್ತಿಗೆ ಮಾಡಿದ್ದು. ಒಬ್ಬನೇ ಕೂತು ತಿನ್ನಪ್ಪ" ಎಂದು ಅಣ್ಣ ತಮ್ಮನ ಬೆನ್ನು ಸವರಿ ಹೊರಟ.

ಮೇಲಿನ ಡಬ್ಬಿಯಲ್ಲಿ ಮುದ್ದೆಯಿತ್ತು, ನಡುವಿನದರಲ್ಲಿ ಕೋಳಿಸಾರು. ಕೆಳಗಿನದರಲ್ಲಿ, ರುದ್ರೇಶ ಮೊದಲು ಕುಡಿಯುತ್ತಿದ್ದ ಅದೇ ವಿಸ್ಕಿಯ ಎರಡು ಪ್ಯಾಕೆಟ್ಟುಗಳಿದ್ದವು.