ಮೊದಲ ಜೋಡಿ ಕಾಲು

ನನ್ನ ಅತ್ತೆಯ ಮನೆಯಲ್ಲಿ ಜರಿಹುಳವನ್ನು ಜರಿ ಎನ್ನುವಂತಿಲ್ಲ, ಲಕ್ಷ್ಮಿ ಎನ್ನಬೇಕು. ಕಂಡರೆ ಹೊಡೆಯುವಂತಿಲ್ಲ, ಅರಿಶಿನ ಕುಂಕುಮ ಹಾಕಿ ಕಳಿಸಬೇಕು. ಅವತ್ತು ಕುಂಕುಮ ಹಾಕಲು ಹೋದ ಅತ್ತೆಯ ಬೆರಳನ್ನೇ ಲಕ್ಷ್ಮಿ ಗಪ್ಪನೆ ಹಿಡಿದುಬಿಟ್ಟಿತು.

ಬೆರಳು ಊದಿ ಬದನೆಕಾಯಿಯಾಯಿತು. ಅತ್ತೆ ಇನ್ನೊಂದು ಕೈಯಲ್ಲಿ ಚಪ್ಪಲಿ ಎತ್ತಿದರು.

“ಕಚ್ಚೋ ಲಕ್ಷ್ಮಿ ನನಗೆ ಬೇಡವೇ ಬೇಡ! ಇವತ್ತು ಇದನ್ನ ಸಾಯಿಸೇ ಬಿಡ್ತೀನಿ.”

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವನು. ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ.

“ಅತ್ತೆ, ಜರಿ ಕಚ್ಚೋದೇ ಇಲ್ಲ. ವಿಷ ಇರೋದು ಹಲ್ಲಿನಲ್ಲಲ್ಲ. ಕೋಟ್ಯಂತರ ವರ್ಷದ ಹಿಂದೆ ಅದರ ಮೊದಲನೇ ಜೋಡಿ ಕಾಲೇ ವಿಷದ ಕೊಂಡಿ ಆಗಿಬಿಡ್ತು. ನಿಮಗೆ ಚುಚ್ಚಿದ್ದು ಅದರ ಕಾಲು.”

ಚಪ್ಪಲಿ ಗಾಳಿಯಲ್ಲೇ ನಿಂತಿತು.

“ಹಲ್ಲಲ್ವಾ?”

“ಅಲ್ಲ, ಕಾಲು. ಈಗ ಆಸ್ಪತ್ರೆಗೆ ನಡೀರಿ.”

ಅತ್ತೆ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟು, ಊದಿದ ಬೆರಳನ್ನು ನನ್ನ ಕಣ್ಣಿನ ಹತ್ತಿರ ತಂದು ಹಿಡಿದರು.

“ಇರಿ ಅಳಿಯಂದ್ರೇ, ಸರಿಯಾಗಿ ನೋಡಿ ಹೇಳಿ. ಮೊದಲು ಇಟ್ಟಿದ್ದು ಬಲಗಾಲು ತಾನೇ?”